ಕುರ್ಚಿ, ದಾರ ಕಟ್ಟಿದ ಪೆನ್ಸಿಲ್, ಹಳೆ ಅಲಾರಂ: ಎರಡು ರೂಢಿ ಕೂತವು, ಮೂರನೆಯದು ಇನ್ನೂ ಎಳೆದಾಡುತ್ತಿದೆ

ದಿನಾ ಕುರ್ಚಿಯಿಂದ ಐದು ಸಲ ಎದ್ದು ಕೂರುವುದು, ರಾತ್ರಿ ಫೋನು ಮಲಗುವ ಕೋಣೆಯ ಹೊರಗಿಡುವುದು, ರಾತ್ರಿ ಸ್ವಲ್ಪ ನಡೆಯುವುದು: ಈ ಮೂರನ್ನು ರೂಢಿ ಮಾಡಿಕೊಳ್ಳಲು ಹೊರಟಿದ್ದೇನೆ. ಮೊದಲನೆಯದಕ್ಕೆ ದಿನಕ್ಕೊಂದು ಚೌಕದ ಪಟ್ಟಿ ಇಟ್ಟಿದ್ದೇನೆ, ನಿನ್ನೆಗೆ ಅದರಲ್ಲಿ 190 ಚೌಕ ಮುಗಿದವು. 179ರಲ್ಲಿ ಗೀಟು ಇದೆ, 11 ಖಾಲಿ. ಕೆಲಸ ಪೂರ್ತಿ ಆಯಿತು ಅಂತ ಹೇಳಲಾರೆ. ಆದರೆ ಮಾಡಿದ ಎಡವಟ್ಟುಗಳು ಮರೆತುಹೋಗುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ. ಇದೇ ಕೆಲಸಕ್ಕೆ ಕೈ ಹಾಕಿ ಮಧ್ಯದಲ್ಲಿ ನಿಂತಿರುವವರಿಗೆ ಆ ಎಡವಟ್ಟುಗಳೇ ಜಾಸ್ತಿ ಉಪಯೋಗಕ್ಕೆ ಬರಬಹುದು.

ಏನು ಕೆಟ್ಟಿತ್ತು

ವಯಸ್ಸು 41. ದಿನಕ್ಕೆ ಒಂಬತ್ತು ಗಂಟೆ ಕೂತು ಮಾಡುವ ಕೆಲಸ. ಒಂದು ಸಂಜೆ ಮಂಚದ ಕೆಳಗೆ ಉರುಳಿಹೋದ ಪೆನ್ನಿನ ಮುಚ್ಚಳ ಹುಡುಕಲು ನೆಲಕ್ಕೆ ಕೂತೆ. ಏಳುವಾಗ ಒಂದು ಕೈ ಮಂಚದ ಮೇಲೆ, ಇನ್ನೊಂದು ಮೊಣಕಾಲ ಮೇಲೆ, ಬಾಯಲ್ಲಿ "ಅಮ್ಮಾ" ಅಂತ ಒಂದು ಉಸಿರು. ಯಾರೂ ನೋಡಲಿಲ್ಲ. ನನಗೇ ನಾಚಿಕೆ ಆಯಿತು.

ಆ ರಾತ್ರಿಯೇ ಅಳತೆ ಮಾಡಿಕೊಂಡೆ. ಫಿಸಿಯೋಥೆರಪಿಯವರು ಬಳಸುವ ಸುಲಭದ ಪರೀಕ್ಷೆ ಒಂದಿದೆ. ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿ ಬೇಕು, ಅದಕ್ಕೆ ಕೈಗಳಿರಬಾರದು. ನಮ್ಮ ಕೈಗಳನ್ನು ಎದೆ ಮೇಲೆ ಅಡ್ಡ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಂತು ಕೂರಲು ಆಗುತ್ತೆ ಅಂತ ಎಣಿಸಬೇಕು. ನನ್ನ ಕುರ್ಚಿ ಟೇಪಿನಲ್ಲಿ 44 ಬಂತು. ಎಣಿಕೆ 11. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ವಯಸ್ಸಾದವರಿಗಾಗಿ ಕೊಟ್ಟಿರುವ ಪಟ್ಟಿಯಲ್ಲಿ 60ರಿಂದ 64 ವಯಸ್ಸಿನ ಹೆಂಗಸರಿಗೇ 12ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ. ನನ್ನ ವಯಸ್ಸಿನವರ ಹೆಸರೇ ಆ ಪಟ್ಟಿಯಲ್ಲಿಲ್ಲ, ಇವರಿಗೆ ಬೇಕಾಗಲ್ಲ ಅಂದುಕೊಂಡಿರಬೇಕು.

ಇದರ ಜೊತೆಗೆ ರಾತ್ರಿ ಒಂದೂವರೆವರೆಗೆ ಫೋನು, ಬೆಳಗ್ಗೆ ಏಳಕ್ಕೆ ಅಲಾರಂ. ನಿದ್ದೆ ಐದೂವರೆ ಗಂಟೆ. ಏಳು ಗಂಟೆಯಾದರೂ ಬೇಕು ಅಂತ ಗೊತ್ತಿತ್ತು. ಮಾಡುತ್ತಿರಲಿಲ್ಲ, ಅಷ್ಟೇ.

ಸಾಮಾನು

ಕೈಯಿಲ್ಲದ ಕುರ್ಚಿ 1. ಗೀಟು ಹಾಕಿದ ಬಿಳಿ ಹಾಳೆ. ಪೆನ್ಸಿಲ್ ತುಂಡು, 40 ಸೆಂ.ಮೀ. ದಾರ, ಸೆಲ್ಲೋ ಟೇಪ್. ಮನೆಯಲ್ಲೇ ಬಿದ್ದಿದ್ದ ಅಲಾರಂ ಗಡಿಯಾರ, ಅದಕ್ಕೆ ಒಂದು ಹೊಸ ಸೆಲ್. ಖರ್ಚು ಅಂತ ಆಗಿದ್ದು ಆ ಸೆಲ್ ಒಂದಕ್ಕೇ.

ಮೊದಲ ಯತ್ನದ ಹುರುಪಿನಲ್ಲಿ ಕೊಂಡ ಯೋಗ ಮ್ಯಾಟನ್ನೂ ಶೂಗಳನ್ನೂ ಲೆಕ್ಕಕ್ಕೆ ಸೇರಿಸಿಲ್ಲ. ಮ್ಯಾಟು ಬೀರುವಿನ ಹಿಂದೆ ಸುರುಳಿ ಸುತ್ತಿಕೊಂಡು ನಿಂತಿದೆ. ಶೂ ವಿಷಯ ಆಮೇಲೆ ಬರುತ್ತೆ.

ಮೊದಲ ಯತ್ನ: 9 ದಿನ, ಮುರಿದುಬಿತ್ತು

ಐದು ಕೆಲಸ ಒಟ್ಟಿಗೆ ಹಿಡಿದೆ. ಬೆಳಗ್ಗೆ ಐದೂವರೆಗೆ ಏಳುವುದು, ಅರ್ಧ ಗಂಟೆ ವ್ಯಾಯಾಮ, 10,000 ಹೆಜ್ಜೆ, ಮೂರು ಲೀಟರ್ ನೀರು, ರಾತ್ರಿ ಹತ್ತೂವರೆಗೆ ಮಲಗುವುದು. ಅಪ್ಪಟ ಆರಂಭಶೂರತ್ವ. ಮೂರು ದಿನ ಐದೂ ಆದವು, ನಾಲ್ಕನೇ ದಿನ ನಾಲ್ಕು, ಆರನೇ ದಿನ ಎರಡು.

ಎಂಟನೇ ದಿನ ರಾತ್ರಿ 11:20ಕ್ಕೆ ನಾನು ಹಾಲಿನಲ್ಲಿ ಸೋಫಾ ಸುತ್ತ ಗಾಣದ ಎತ್ತಿನ ಹಾಗೆ ಸುತ್ತುತ್ತಿದ್ದೆ. 10,000ಕ್ಕೆ ಇನ್ನೂ 1,400 ಹೆಜ್ಜೆ ಬಾಕಿ. ಹತ್ತೂವರೆಗೆ ಮಲಗಬೇಕಾದವಳು! ಒಂದು ಗುರಿ ಇನ್ನೊಂದನ್ನು ತಿನ್ನುತ್ತಿದೆ ಅಂತ ಅಲ್ಲೇ ಹೊಳೆಯಿತು, ಆದರೂ ಸುತ್ತುವುದು ನಿಲ್ಲಿಸಲಿಲ್ಲ. ಆ ಹತ್ತು ಸಾವಿರ ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ಆಮೇಲೆ ಓದಿದೆ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ 'ಮಾನ್‌ಪೊ-ಕೇ', ಅಂದರೆ 'ಹತ್ತು ಸಾವಿರ ಹೆಜ್ಜೆ ಮೀಟರು'. ಒಂದು ಸಾಮಾನಿನ ಹೆಸರಿಗಾಗಿ ಸೋಫಾ ಸುತ್ತಿದ್ದೆ.

ಒಂಬತ್ತನೇ ದಿನ ಏನೂ ಮಾಡಲಿಲ್ಲ. ಹತ್ತನೇ ದಿನ ಮಾಡಬೇಕು ಅನ್ನುವುದೇ ನೆನಪಾಗಲಿಲ್ಲ.

ಎರಡನೇ ಯತ್ನ: ಆ್ಯಪ್, 15 ದಿನ, ಇದೂ ಹೋಯಿತು

ಬುದ್ಧಿ ಬಂತು ಅಂದುಕೊಂಡು ಒಂದೇ ಕೆಲಸ ಇಟ್ಟುಕೊಂಡೆ: ಬೆಳಗ್ಗೆ 7:15ಕ್ಕೆ ಹತ್ತು ನಿಮಿಷ ವ್ಯಾಯಾಮ. ಫೋನಿನಲ್ಲಿ ನೆನಪಿಸುವ ಆ್ಯಪ್. ಅದು 7:15ಕ್ಕೆ ಸರಿಯಾಗಿ ಟಿಂಗ್ ಅನ್ನುತ್ತಿತ್ತು. ನಾನು ಒಂದು ದಿನ ಸ್ನಾನದಲ್ಲಿ, ಒಂದು ದಿನ ಅಡುಗೆಮನೆಯಲ್ಲಿ, ಇನ್ನೊಂದು ದಿನ ಬೀಗದಕೈ ಹುಡುಕುತ್ತಾ ಇರುತ್ತಿದ್ದೆ. ಗಡಿಯಾರಕ್ಕೆ ನನ್ನ ಬೆಳಗು ಹೇಗಿದೆ ಅಂತ ಏನು ಗೊತ್ತು? ಬೆರಳಿನಿಂದ ಸರಿಸಿಬಿಡುತ್ತಿದ್ದೆ. ಎರಡು ವಾರಕ್ಕೆ ಸರಿಸುವುದು ಎಷ್ಟು ರೂಢಿಯಾಯಿತು ಅಂದರೆ, ಟಿಂಗ್ ಕೇಳಿದ್ದೇ ನೆನಪಿರುತ್ತಿರಲಿಲ್ಲ.

ಹನ್ನೊಂದನೇ ದಿನ ತಪ್ಪಿತು. ಆ್ಯಪ್ ಅಷ್ಟು ದಿನದ ಎಣಿಕೆ ಅಳಿಸಿ ದೊಡ್ಡದಾಗಿ 0 ತೋರಿಸಿತು. ಅದನ್ನು ನೋಡಿ ಮನಸ್ಸು ಕೆಟ್ಟು ನಾಲ್ಕು ದಿನ ಆ್ಯಪ್ ತೆರೆಯಲೇ ಇಲ್ಲ. ಹದಿನೈದನೇ ದಿನ ಡಿಲೀಟ್.

ಮೂರನೇ ಯತ್ನ, ದಿನ 1: ಗಂಟೆ ಬಿಟ್ಟು ಕೊಂಡಿ

ಗಂಟೆ ನೋಡಿ ಮಾಡುವುದು ಬಿಟ್ಟೆ. ದಿನಾ ತಪ್ಪದೆ ಆಗೇ ಆಗುವ ಒಂದು ಕೆಲಸದ ಬಾಲಕ್ಕೆ ಇದನ್ನು ಕಟ್ಟಿದೆ. ಹಾಳೆಯಲ್ಲಿ ಬರೆದ ವಾಕ್ಯ ಇದು: "ಹಲ್ಲುಜ್ಜಿ ಬ್ರಷ್ ಲೋಟಕ್ಕೆ ಹಾಕಿದ ತಕ್ಷಣ ಕುರ್ಚಿಯಿಂದ 5 ಸಲ ಎದ್ದು ಕೂರುತ್ತೇನೆ." ಇದೇನು ನನ್ನ ಕಂಡುಹಿಡಿತವಲ್ಲ. 'ಇಂಥದ್ದಾದಾಗ ಇಂಥದ್ದು ಮಾಡುತ್ತೇನೆ' ಅಂತ ಮೊದಲೇ ಹೇಳಿಕೊಳ್ಳುವ ಈ ದಾರಿಯ ಬಗ್ಗೆ ಪೀಟರ್ ಗೋಲ್ವಿಟ್ಸರ್ ಅನ್ನುವ ಮನಶ್ಶಾಸ್ತ್ರಜ್ಞರು 1990ರ ದಶಕದಿಂದಲೇ ಬರೆಯುತ್ತಿದ್ದಾರೆ.

ಐದು ಸಲಕ್ಕೆ ಹಿಡಿದ ಸಮಯ 14 ಸೆಕೆಂಡು. ಇಷ್ಟರಿಂದ ಏನಾಗುತ್ತೆ ಅಂತ ನನಗೇ ನಗು ಬಂತು. ಆದರೆ 14 ಸೆಕೆಂಡು ಇಲ್ಲ ಅಂತ ನೆಪ ಹೇಳುವುದು ಕಷ್ಟ ಅಲ್ವಾ? ಅದಕ್ಕೇ ಇಟ್ಟುಕೊಂಡೆ.

ದಿನ 4 ಮತ್ತು 6: ಖಾಲಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಕೆಲಸ ಉಳಿದಿದ್ದು ಇಲ್ಲೇ.

ಐದು ಸಲ ಅಂದರೆ ಚಿಕ್ಕದೇ. ಕೊಂಡಿಯೂ ಸರಿಯಾಗಿದೆ. ಆದರೂ ಒಂದೇ ವಾರದಲ್ಲಿ ಎರಡು ಸಲ ತಪ್ಪಿತು. ಯಾಕೆ ಅಂತ ಏಳನೇ ದಿನ ಬ್ರಷ್ ಹಿಡಿದು ನಿಂತಲ್ಲಿಂದ ನಡೆದು ನೋಡಿದೆ. ವಾಶ್‌ಬೇಸಿನ್‌ನಿಂದ ಕುರ್ಚಿ ಇದ್ದ ಊಟದ ಮೇಜಿಗೆ 11 ಹೆಜ್ಜೆ. ಏಳನೇ ಹೆಜ್ಜೆಗೆ ಬಲಗಡೆ ಒಂದು ಶೆಲ್ಫ್, ಅದರ ಮೇಲೆ ಚಾರ್ಜಿಗೆ ಹಾಕಿದ ಫೋನು. ಎರಡೂ ದಿನ ಅದರ ದೀಪ ಮಿನುಗುತ್ತಿತ್ತು, ಸುಮ್ನೆ ಒಂದು ಸಲ ನೋಡೋಣ ಅಂತ ನಿಂತವಳು ಇಪ್ಪತ್ತು ನಿಮಿಷ ಅಲ್ಲೇ ಗೋಡೆಗೆ ಒರಗಿದ್ದೆ. ಆಮೇಲೆ ತಡವಾಯಿತು ಅಂತ ಸ್ನಾನಕ್ಕೆ ಓಡಿದೆ.

ಎಂಟನೇ ದಿನ ಕುರ್ಚಿ ಎತ್ತಿ ತಂದು ಬಚ್ಚಲುಮನೆ ಬಾಗಿಲಿನ ಹೊರಗೇ ಇಟ್ಟೆ. ಬಾಗಿಲು ಅರ್ಧ ತೆರೆದು ಕುರ್ಚಿಗೆ ಬಡಿಯಿತು. ಅಡ್ಡ ನುಸುಳಿ ಬರಬೇಕು. ಅವತ್ತು ರಾತ್ರಿಯೇ ನಮ್ಮ ಯಜಮಾನರ ಕಾಲ ಕಿರುಬೆರಳು ಕುರ್ಚಿಯ ಕಾಲಿಗೆ ತಗುಲಿ, "ಇದನ್ನ ಇಲ್ಲೇ ಇಡಬೇಕಿತ್ತಾ?" ಅಂತ ಕತ್ತಲಲ್ಲೇ ಒಂದು ಕೂಗು ಕೇಳಿತು. ಮರುದಿನ 15 ಸೆಂ.ಮೀ. ಎಡಕ್ಕೆ ಸರಿಸಿ, ಬೆನ್ನು ಗೋಡೆಗೆ ತಾಗುವ ಹಾಗೆ ಇಟ್ಟೆ. ಬಾಗಿಲೂ ಪೂರ್ತಿ ತೆರೆಯಿತು, ಕೂರುವಾಗ ಕುರ್ಚಿ ಹಿಂದೆ ಜಾರುವುದೂ ನಿಂತಿತು. ಇದು ಮೊದಲೇ ಹೊಳೆಯಬೇಕಿತ್ತು. ನಯವಾದ ನೆಲದ ಮೇಲೆ ಕುರ್ಚಿ ಜಾರಿದರೆ ಬೀಳುವುದು ಖಂಡಿತ.

ಎಂಟರಿಂದ ಇಪ್ಪತ್ತನಾಲ್ಕನೇ ದಿನದವರೆಗೆ ಒಂದೂ ತಪ್ಪಲಿಲ್ಲ. ಆ ಹದಿನೇಳು ದಿನದಲ್ಲಿ ನನ್ನ ಮನಸ್ಸು ಗಟ್ಟಿಯಾಯಿತು ಅಂತೇನೂ ಇಲ್ಲ. ಕುರ್ಚಿ 11 ಹೆಜ್ಜೆ ಈಚೆಗೆ ಬಂತು.

ಪಟ್ಟಿ ಮತ್ತು ಪೆನ್ಸಿಲ್

ಪಟ್ಟಿ ಅಂದರೆ ಏನೂ ಇಲ್ಲ, ಸ್ಕೇಲಿನಲ್ಲಿ ಎಳೆದ 12 ಸಾಲು, ಸಾಲಿಗೆ 7 ಚೌಕ, ಒಂದು ಹಾಳೆಗೆ ಒಟ್ಟು 84. ಮಾಡಿದ ದಿನ ಒಂದು ಗೀಟು. ಮೊದಲು ಬಚ್ಚಲುಮನೆ ಒಳಗೆ ಅಂಟಿಸಿದ್ದೆ, ಬಿಸಿನೀರಿನ ಆವಿಗೆ ಮೂರೇ ದಿನಕ್ಕೆ ಹಾಳೆ ಹಪ್ಪಳದ ಹಾಗೆ ಮುದುರಿತು. ಬಾಗಿಲ ಹೊರಗೆ ಅಂಟಿಸಿದೆ. ಆಮೇಲೆ ಪೆನ್ನು ಸಿಗುತ್ತಿರಲಿಲ್ಲ. "ಸಂಜೆ ಹಾಕೋಣ" ಅಂತ ಬಿಟ್ಟು, ಎರಡು ದಿನದ್ದು ಒಟ್ಟಿಗೆ ಹಾಕುವಾಗ ಮೊನ್ನೆ ಮಾಡಿದ್ದೆನಾ ಇಲ್ಲವಾ ಅಂತ ಅನುಮಾನ. ನಾಲ್ಕನೇ ದಿನದ ಚೌಕಕ್ಕೆ ಮೊದಲು ಗೀಟು ಹಾಕಿ ಆಮೇಲೆ ಅಳಿಸಿದ್ದೇನೆ, ಗುರುತು ಈಗಲೂ ಕಾಣುತ್ತೆ. ಸುಳ್ಳು ಗೀಟು ಹಾಕಿದರೆ ಮೋಸ ಯಾರಿಗೆ ಅಂತ ಗೊತ್ತಿದ್ದೂ ಕೈ ಹೋಗಿತ್ತು.

ಅದಕ್ಕೇ ಪೆನ್ಸಿಲ್‌ಗೆ ದಾರ ಕಟ್ಟಿ ಪಟ್ಟಿಯ ಪಕ್ಕದಲ್ಲೇ ನೇತುಹಾಕಿದೆ. ಆ ವಾರ ಮನೆಗೆ ಬಂದ ಅಕ್ಕ ನೋಡಿ, "ಏನೇ ಇದು, ಪೆನ್ಸಿಲ್‌ಗೆ ನೇಣು ಹಾಕಿದೀಯಲ್ಲ" ಅಂದಳು. ಹೋಗುವಾಗ ಆ ಕುರ್ಚಿಯಲ್ಲಿ ಕೂತು ತಾನೂ ಐದು ಸಲ ಎದ್ದು, ಏನೂ ಹೇಳದೆ ಹೋದಳು.

ಪೆನ್ಸಿಲ್ ತುದಿ ಮುರಿಯುವುದು ಒಂದು ಸಮಸ್ಯೆ. ಎರಡೂ ಕಡೆ ಚೂಪು ಮಾಡಿ ಮಧ್ಯಕ್ಕೆ ದಾರ ಕಟ್ಟಿ.

ದಿನ 22: ಏನೂ ಆಗಲಿಲ್ಲ

21 ದಿನ ಮಾಡಿದರೆ ರೂಢಿ ತಾನಾಗಿ ಕೂರುತ್ತೆ ಅಂತ ಎಲ್ಲರೂ ಹೇಳುತ್ತಾರೆ. 22ನೇ ದಿನ ಬೆಳಗ್ಗೆ ಕಾಲು ತಾನಾಗಿ ಕುರ್ಚಿಗೆ ಹೋಗಲಿಲ್ಲ. ಎಂದಿನ ಹಾಗೆ ಗೊಣಗುತ್ತಲೇ ಕೂತೆ. ಎಲ್ಲೋ ಎಡವಿದ್ದೇನೆ ಅನ್ನಿಸಿ ಹುಡುಕಿದೆ. ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ, ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆ ಅಂದರೂ 21 ದಿನ ಹಿಡಿಯುತ್ತೆ ಅಂತ ಬರೆದಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ 'ಕಡಿಮೆ ಅಂದರೂ' ಉದುರಿಹೋಯಿತು, ಮುಖದ ವಿಷಯವೂ ಉದುರಿತು, 21 ಮಾತ್ರ ಉಳಿಯಿತು.

ಅಳೆದು ನೋಡಿದವರು ಬೇರೆ ಇದ್ದಾರೆ. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೆಕ್ಕ ಸಿಕ್ಕಿದ್ದು 18ರಿಂದ 254 ದಿನ (12 ವಾರ ದಾಟಿದ್ದು ಲೆಕ್ಕ ಹಾಕಿ ತೆಗೆದ ಅಂದಾಜು), ನಡುವಿನ ಅಂಕಿ 66. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂತಿತ್ತು, ವ್ಯಾಯಾಮಕ್ಕೆ ಜಾಸ್ತಿ ದಿನ ಬೇಕಾಗಿತ್ತು. ಸರಿ, ಹಾಗಾದರೆ ನಾನು ಕಾಲು ದಾರಿಯೂ ಬಂದಿಲ್ಲದಿರಬಹುದು ಅಂದುಕೊಂಡು ಪಟ್ಟಿಯ ತಲೆಯಲ್ಲಿ ಬರೆದಿದ್ದ "21" ಅಳಿಸಿದೆ.

ದಿನ 24: ನನ್ನ ಅತಿ ದೊಡ್ಡ ಪೆದ್ದುತನ

ಭಾನುವಾರ. ಬಿಡುವಿತ್ತು. ಐದು ತೀರಾ ಸುಲಭ ಅನ್ನಿಸಿ 25 ಸಲ ಹೊಡೆದೆ. ಅವತ್ತು ಏನೂ ಆಗಲಿಲ್ಲ, ಬೀಗುತ್ತಾ ಓಡಾಡಿದೆ. ಇಂಥ ನೋವು ಒಂದರಿಂದ ಮೂರು ದಿನದ ಒಳಗೆ ಏರುತ್ತೆ ಅಂತ ಆಮೇಲೆ ಗೊತ್ತಾಯಿತು. ಮಂಗಳವಾರ ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದು ಅಡ್ಡ ಅಡ್ಡ ಇಳಿದೆ. ತೊಡೆ ಕಲ್ಲಾಗಿತ್ತು. 25, 26, 27 ಮೂರೂ ಚೌಕ ಖಾಲಿ.

ನೋವಿಗಿಂತ ಕೆಟ್ಟದ್ದು ಇನ್ನೊಂದಾಯಿತು. 28ನೇ ದಿನ ಕುರ್ಚಿ ನೋಡಿದರೆ ಮನಸ್ಸು ಹಿಂಜರಿಯಿತು. 25 ಒಂದು ಸಲ ಮಾಡಿದ ಮೇಲೆ 5 ಅಂದರೆ ಮೋಸ ಮಾಡಿದ ಹಾಗೆ ಅನ್ನಿಸತೊಡಗಿತು, 25 ಅಂದರೆ ಭಯ. ಹೀಗೆ ಎರಡೂ ಕಡೆಯಿಂದ ಕೈಕೊಟ್ಟಿತು. ಅವತ್ತು ಪಟ್ಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದೆ: "ಲೆಕ್ಕ ಯಾವತ್ತೂ 5. ಮೇಲೆ ಮಾಡಿದ್ದು ನನ್ನಿಷ್ಟ, ಅದಕ್ಕೆ ಗೀಟು ಇಲ್ಲ." ಈಗ ಹೆಚ್ಚಿನ ದಿನ 12 ಆಗುತ್ತೆ, ಕೆಲವು ದಿನ 20. ಗೀಟು ಮಾತ್ರ ಐದಕ್ಕೇ. ಹೆಚ್ಚಿಸಿದ್ದು ವಾರಕ್ಕೆ ಒಂದೋ ಎರಡೋ, ಅದೂ ನೋವಿಲ್ಲದಿದ್ದರೆ.

ದಿನ 39–43: ಜ್ವರ

ಮೊದಲ ಎರಡು ದಿನ ಮಂಚ ಬಿಟ್ಟು ಏಳಲಿಲ್ಲ. ಮೂರನೇ ದಿನ ಹಲ್ಲುಜ್ಜಿ ಬಂದು ಕುರ್ಚಿಯಲ್ಲಿ ಕೂತೆ, ಒಂದು ಸಲ ಎದ್ದೆ, ಹೋಗಿ ಮಲಗಿದೆ. ಅದಕ್ಕೆ ಗೀಟು ಹಾಕಬಹುದಾ ಅಂತ ಯೋಚನೆ ಬಂತು. ಜ್ವರದ ದಿನಕ್ಕೆ ಒಂದೇ ಸಾಕು ಅಂತ ನಾನೇ ತೀರ್ಪು ಕೊಟ್ಟುಕೊಂಡೆ, ಆ ಮೂರು ದಿನದ ಗೀಟು ಅಡ್ಡ ಹಾಕಿದ್ದೇನೆ, ಗುರುತಿಗೆ.

ಆ್ಯಪ್ ಆಗಿದ್ದರೆ ಇಲ್ಲಿಗೆ ದೊಡ್ಡ ಸೊನ್ನೆ ತೋರಿಸಿ ಕಥೆ ಮುಗಿಸುತ್ತಿತ್ತು. ಹಾಳೆಯಲ್ಲಿ ಹಾಗಲ್ಲ. ಎರಡು ಖಾಲಿ ಚೌಕದ ಹಿಂದೆ ಮೂವತ್ತಮೂರು ಗೀಟು ಹಾಗೇ ನಿಂತಿದ್ದವು. ಒಂದು ದಿನ ತಪ್ಪಿದರೆ ರೂಢಿ ಕೂರುವುದಕ್ಕೆ ಅಂಥ ಪೆಟ್ಟೇನೂ ಬೀಳುವುದಿಲ್ಲ ಅಂತ ಮೇಲೆ ಹೇಳಿದ ಲಂಡನ್ ಅಧ್ಯಯನದಲ್ಲೂ ಕಂಡಿತ್ತು. ಅದನ್ನು ಮೊದಲೇ ಓದಿದ್ದು ಒಳ್ಳೆಯದಾಯಿತು.

ದಿನ 50: ಎರಡನೆಯದು, ಫೋನು ಹೊರಗೆ

ಮೊದಲನೆಯದು ಸ್ವಲ್ಪ ನೆಲೆ ನಿಂತ ಮೇಲೆ ಎರಡನೆಯದಕ್ಕೆ ಕೈ ಹಾಕಿದೆ. ವಾಕ್ಯ: "ಮಲಗುವ ಕೋಣೆಯ ದೀಪ ಹಾಕುವ ಮೊದಲು ಫೋನನ್ನು ಹಾಲಿನ ಚಾರ್ಜರ್‌ಗೆ ಸಿಕ್ಕಿಸುತ್ತೇನೆ." ಮಂಚದ ಪಕ್ಕದ ಚಾರ್ಜರ್ ಕಿತ್ತು ಹಾಲಿನ ಪ್ಲಗ್ಗಿಗೆ ಹಾಕಿದೆ. ಆ ಶೆಲ್ಫಿನದ್ದಲ್ಲ, ಬೇರೆ ಮೂಲೆಯದ್ದು.

ಮೊದಲ ತೊಡಕು, ಅಲಾರಂ ಇದ್ದಿದ್ದು ಫೋನಿನಲ್ಲೇ. ಹಳೆ ಗಡಿಯಾರ ಹುಡುಕಿ ಸೆಲ್ ಹಾಕಿದೆ. ಅದರ ಟಿಕ್ ಟಿಕ್ ಎಷ್ಟು ಜೋರು ಅಂದರೆ ಮೊದಲ ರಾತ್ರಿ ಎರಡಕ್ಕೆ ಎದ್ದು ಅದನ್ನು ದಿಂಬಿನ ಕೆಳಗೆ ತುರುಕಿದೆ, ಬೆಳಗ್ಗೆ ಅಲಾರಂ ಕೇಳಲೇ ಇಲ್ಲ. ಎರಡನೇ ರಾತ್ರಿ ಮೇಜಿನ ಡ್ರಾಯರ್ ಒಳಗಿಟ್ಟೆ, ಅಲಾರಂ ಕೇಳಿತು ಆದರೆ ಟಿಕ್ ಟಿಕ್ ಮರದಲ್ಲಿ ಇನ್ನೂ ಜೋರಾಯಿತು. ಮೂರನೇ ರಾತ್ರಿ ಕೆಳಗೆ ನಾಲ್ಕು ಮಡಿಕೆ ಟವೆಲ್ ಹಾಸಿ ಬೀರುವಿನ ಮೇಲಿಟ್ಟೆ. ಸರಿಹೋಯಿತು. ಅದನ್ನು ನಿಲ್ಲಿಸಲು ಎದ್ದು ನಿಲ್ಲಲೇಬೇಕು ಅನ್ನುವುದು ಪುಕ್ಕಟೆ ಸಿಕ್ಕ ಲಾಭ.

ಎರಡನೇ ತೊಡಕು ನಾನೇ. "ಇವತ್ತೊಂದು ದಿನ, ಮುಖ್ಯವಾದ ಕರೆ ಬರಬಹುದು" ಅಂತ ಫೋನು ಒಳಗೆ ತಂದ ರಾತ್ರಿಗಳು ಹಲವು. ಆ ಕರೆ ಒಂದು ಸಲವೂ ಬರಲಿಲ್ಲ. ಆಮೇಲೆ ಫೋನಿನ ಗಂಟೆ ಜೋರು ಮಾಡಿ ಬಾಗಿಲು ತೆರೆದೇ ಮಲಗಲು ಶುರು ಮಾಡಿದೆ, ನೆಪ ಮುಗಿಯಿತು. 141 ರಾತ್ರಿಯಲ್ಲಿ 23 ತಪ್ಪಿವೆ, ಅದರಲ್ಲಿ 16 ಮೊದಲ ತಿಂಗಳಿನವೇ. ಮಲಗುವ ಹೊತ್ತು ಒಂದೂವರೆಯಿಂದ ಹನ್ನೊಂದೂವರೆ, ಹನ್ನೆರಡಕ್ಕೆ ಬಂದಿದೆ. ಮಲಗುವ ಸಮಯದ ಬಗ್ಗೆ ನಾನು ನಿಯಮವನ್ನೇ ಮಾಡಿರಲಿಲ್ಲ. ಕೈಯಲ್ಲಿ ಏನೂ ಇಲ್ಲದೆ ಬೇಜಾರಾಗಿ ನಿದ್ದೆ ಬರುತ್ತೆ, ಅಷ್ಟೇ.

ದಿನ 73

ಒಬ್ಬರ ಮನೆಯಲ್ಲಿ ಉಳಿದಿದ್ದೆ. ಬೆಳಗ್ಗೆ ಅರೆನಿದ್ದೆಯಲ್ಲಿ ಹಲ್ಲುಜ್ಜಿ, ಬ್ರಷ್ ಇಟ್ಟು, ಬಾಗಿಲಿಂದ ಆಚೆ ಬಂದು ಎಡಕ್ಕೆ ತಿರುಗಿ ಕೂರಲು ಹೋದೆ. ಅಲ್ಲಿ ಕುರ್ಚಿ ಇರಲಿಲ್ಲ, ಬಟ್ಟೆ ತುಂಬಿದ ಬುಟ್ಟಿ ಇತ್ತು. ಅದರ ಮೇಲೆ ಕೂರುವುದರಲ್ಲಿದ್ದೆ. ಆಗಲೇ ಗೊತ್ತಾಗಿದ್ದು, ಇದು ಕೂತಿದೆ ಅಂತ. ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಐದು ಮುಗಿಸಿದೆ.

30 ಸೆಕೆಂಡಿನ ಎಣಿಕೆ: ಶುರುವಿನಲ್ಲಿ 11, 60ನೇ ದಿನ 14, ನಿನ್ನೆ 18. ಕುರ್ಚಿ ಅದೇ, 44 ಸೆಂ.ಮೀ.

ದಿನ 106ರಿಂದ: ನಡಿಗೆ, ಇಲ್ಲಿ ಸಿಕ್ಕಿಕೊಂಡಿದ್ದೇನೆ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ಚಟುವಟಿಕೆ ಹೇಳುತ್ತೆ. ಹಿಂದಿನ ಮಾರ್ಗಸೂಚಿಯಲ್ಲಿ ಒಂದು ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕು ಅಂತಿತ್ತು, ಇದರಲ್ಲಿ ಆ ಷರತ್ತು ತೆಗೆದಿದ್ದಾರೆ. ಚೂರು ಪಾರು ನಡೆದದ್ದೂ ಲೆಕ್ಕಕ್ಕೆ ಬರುತ್ತೆ ಅಂತ ಖುಷಿಯಾಗಿ, "ರಾತ್ರಿ ಊಟ ಆದ ಮೇಲೆ 5 ನಿಮಿಷ ನಡೆಯುತ್ತೇನೆ" ಅಂತ ಬರೆದೆ.

85 ದಿನದಲ್ಲಿ 38. ಸತತವಾಗಿ ಆಗಿದ್ದು ಹೆಚ್ಚೆಂದರೆ 6 ದಿನ. ಇದು ರೂಢಿ ಅಲ್ಲ, ನೆನಪಾದಾಗ ಮಾಡುವ ಕೆಲಸ.

ತಪ್ಪು ಎಲ್ಲಿದೆ ಅಂತ ನೋಡಲು ತುಂಬ ದಿನ ಹಿಡಿಯಿತು. ಹಲ್ಲುಜ್ಜುವುದಕ್ಕೆ ಒಂದು ಕೊನೆ ಇದೆ, ಬ್ರಷ್ ಲೋಟಕ್ಕೆ ಬಿದ್ದಾಗ ಟಕ್ ಅಂತ ಸದ್ದಾಗುತ್ತೆ. 'ಊಟ ಆದ ಮೇಲೆ' ಅನ್ನುವುದಕ್ಕೆ ಹಾಗೆ ಕೊನೆಯೇ ಇಲ್ಲ. ಪಾತ್ರೆ ಇರುತ್ತೆ, ಮಾತು ಇರುತ್ತೆ, ಯಾರೋ ಇನ್ನೂ ತಟ್ಟೆ ಮುಂದೆ ಕೂತಿರುತ್ತಾರೆ. ನನ್ನ ಕೊಂಡಿ ಕಟ್ಟಲು ಗೂಟವೇ ಇರಲಿಲ್ಲ.

ಎರಡನೆಯದು ಶೂ. ಸಾಕ್ಸ್ ಹುಡುಕಿ, ಹಾಕಿ, ಲೇಸ್ ಕಟ್ಟುವಷ್ಟರಲ್ಲಿ ಎರಡೂವರೆ ನಿಮಿಷ, ಗಡಿಯಾರ ಇಟ್ಟು ನೋಡಿದ್ದೇನೆ. ಐದು ನಿಮಿಷದ ನಡಿಗೆಗೆ ಎರಡೂವರೆ ನಿಮಿಷದ ಸಿದ್ಧತೆ. ಆ 11 ಹೆಜ್ಜೆಯ ತಪ್ಪನ್ನೇ ಬೇರೆ ರೂಪದಲ್ಲಿ ಇನ್ನೊಂದು ಸಲ ಮಾಡಿದ್ದೆ. ಮೂರು ತಿಂಗಳು ಕಣ್ಣಿಗೆ ಬೀಳಲಿಲ್ಲ ಅನ್ನುವುದೇ ಬೇಜಾರು.

187ನೇ ದಿನದಿಂದ ಬದಲಾಯಿಸಿದ್ದು ಹೀಗೆ. ರಾತ್ರಿ ಕಸದ ಚೀಲ ಹೊರಗೆ ಹಾಕಿ ಬರುವುದು ದಿನಾ ನನ್ನ ಕೆಲಸ. ಅದಕ್ಕೆ ಹೇಗೂ ಚಪ್ಪಲಿ ಹಾಕಿ ಗೇಟಿನವರೆಗೆ ಹೋಗಿರುತ್ತೇನೆ. ಹೊಸ ವಾಕ್ಯ: "ಕಸದ ಡಬ್ಬಿ ಮುಚ್ಚಳ ಹಾಕಿದ ಮೇಲೆ ಬೀದಿಯ ತಿರುವಿನವರೆಗೆ ಹೋಗಿ ಬರುತ್ತೇನೆ." ಚಪ್ಪಲಿಯಲ್ಲೇ. ಹೋಗಿ ಬರಲು 4 ನಿಮಿಷ 10 ಸೆಕೆಂಡು. ಶೂಗಳನ್ನು ಸದ್ಯಕ್ಕೆ ಡಬ್ಬದೊಳಗೆ ಹಾಕಿಟ್ಟಿದ್ದೇನೆ. ಈ ನಡಿಗೆಗೆ ಬೇರೆ ಹಾಳೆ, ಬೇರೆ ಪೆನ್ಸಿಲ್, ಮುಂಬಾಗಿಲ ಒಳಬದಿಗೆ.

ನಾಲ್ಕು ದಿನದಲ್ಲಿ ಮೂರು ಗೀಟು. ನಿನ್ನೆ ಮಳೆ. ಚೀಲ ಡಬ್ಬಿಗೆ ಎಸೆದು, ಮುಚ್ಚಳವನ್ನೂ ಹಾಕದೆ ತಲೆ ಮೇಲೆ ಕೈ ಇಟ್ಟುಕೊಂಡು ಓಡಿಬಂದೆ. ಆ ಚೌಕ ಖಾಲಿ ಬಿಟ್ಟಿದ್ದೇನೆ. ಕೊಡೆಯನ್ನು ಈಗ ತಾನೇ ತಂದು ಕಸದ ಬುಟ್ಟಿಯ ಪಕ್ಕದ ಮೊಳೆಗೆ ನೇತುಹಾಕಿದೆ.